ಹೆಣ್ಣು ದನಿಯ ಚಿಕ್ಕಪ್ಪ

ಸಿನಿಮಾದಲ್ಲಿ ಒಂದು ಚಾನ್ಸ್ ಕೊಡಿ ಎಂದು ಗಾಂಧಿನಗರದಲ್ಲಿ ಚಪ್ಪಲಿ ಸವೆಸಿದವರನ್ನು ನೋಡಿದ್ದೇನೆ. ನನ್ನನ್ನು ಸಿನಿಮಾದಿಂದ ತೆಗೆಸು ಎಂದು ಅಂಗಲಾಚಿದವರನ್ನು ಮಾತ್ರ ಈಚೆಗೆ ಮೊದಲ ಸಲ ನೋಡಿದೆ. ಅವರು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಚಿಕ್ಕಪ್ಪ!

ರಾಮನಗರದ ಮನೆಯಲ್ಲಿ ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಫೋನ್ ಬಂತು. ಆ ಕಡೆ ಕುದೂರಿನ ಶಿವಲಿಂಗಯ್ಯ ಚಿಕ್ಕಪ್ಪ.

"ಕೂಸೇ, ಆ ಸಿನಿಮಾ ಹುಡುಗಿ ನಿನ್ ಮಾತು ಕೇಳ್ತಾಳೆ. ನಂದಿರೋದ್ನೆಲ್ಲ ತೆಗದ್ಬುಡು ಅಂತ ಒಂದ್ ಮಾತು ಹೇಳ್ಬುಡವ್ವ."

"ಯಾಕೆ ಚಿಕ್ಕಪ್ಪ? ಕ್ಯಾಮೆರಾ ಮುಂದೆ ಖುಷಿಯಾಗೇ ಮಾತಾಡಿದ್ರಲ್ಲ?"

"ಆಗ ನಮ್ ಪವಿತ್ರಂಗೆ ಗಂಡು ಗೊತ್ತಾಗಿರ್ಲಿಲ್ಲ. ಈಗ ಕಬ್ಬಾಳ್ ಕಡೆಯೋರು ಒಪ್ಕೊಂಡವ್ರೆ. ಬೀಗ್ರು ಆ ಹಾಡು ಕೇಳ್ಬುಟ್ರೆ ಏನಂದ್ಕಂಡಾರು?"

ಯಾವ ಹಾಡು, ಯಾವ ಸಿನಿಮಾ? ಹೇಳುತ್ತೇನೆ.

ಟಿ.ವಿ. ಚಾನೆಲ್‌ಗಳು ಹೀಗೆ ಮೈಮೇಲೆ ಬಿದ್ದಿರದ ಕಾಲದಲ್ಲಿ ನಮ್ಮ ಕಡೆ ಆರ್ಕೆಸ್ಟ್ರಾಗಳದ್ದೇ ರಾಜ್ಯಭಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಿ ಗಣೇಶನನ್ನು ಕೂರಿಸಿದರೂ ಪಕ್ಕದಲ್ಲೊಂದು ಸ್ಟೇಜ್, ಸೀರಿಯಲ್ ಸೆಟ್ ದೀಪ, ಕೀಬೋರ್ಡ್, ಡ್ರಮ್ಸ್. ಗಣೇಶನಿಗಿಂತ ಆರ್ಕೆಸ್ಟ್ರಾಕ್ಕೇ ಜನ ಜಾಸ್ತಿ. (ಗಣೇಶ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.) ನಮ್ಮ ಕುದೂರಿನವರದ್ದೂ ಒಂದಿತ್ತು. 'ಬೆಳ್ಳಿಚುಕ್ಕಿ ಆರ್ಕೆಸ್ಟ್ರಾ'. ಎಲ್ಲ ಇತ್ತು, ಹಾಡುವ ಹೆಂಗಸೊಬ್ಬರು ಇರಲಿಲ್ಲ. ರಾತ್ರಿ ಪ್ರೋಗ್ರಾಂಗೆ, ಪರಸ್ಥಳಕ್ಕೆ, ಅದೂ ಗಂಡಸರ ಜೊತೆ ಮೆಟಡೋರ್‌ನಲ್ಲಿ ಮನೆ ಹೆಣ್ಣುಮಗಳನ್ನು ಯಾರು ಕಳಿಸುತ್ತಾರೆ?

ಹಾಗಾಗಿ ಹೆಣ್ಣು ದನಿಯಲ್ಲಿ ಹಾಡುತ್ತಿದ್ದವರು ನಮ್ಮ ಚಿಕ್ಕಪ್ಪ.

ಮಿಮಿಕ್ರಿ ಅಂದುಕೊಳ್ಳಬೇಡಿ. ಕೀರಲು ದನಿ ಮಾಡಿ ಜನರನ್ನು ನಗಿಸುವ ಆಟವಲ್ಲ ಅದು. ಅಷ್ಟು ದಪ್ಪ ಮೀಸೆಯ ಕೆಳಗಿಂದ ಅಷ್ಟು ತೆಳುವಾದ, ನುಣುಪಾದ ದನಿ ಹೇಗೆ ಬರುತ್ತಿತ್ತೋ! ಸ್ಟೇಜ್ ಕಾಣದೆ ಹಿಂದೆ ನಿಂತವರು ಹೆಂಗಸೇ ಹಾಡುತ್ತಿದ್ದಾಳೆ ಎಂದು ನಂಬಿಬಿಡುತ್ತಿದ್ದರು. ಚನ್ನಪಟ್ಟಣದ ಕಡೆಯವರೊಬ್ಬರು ಹೀಗೆ ನಂಬಿ, ಆ ಹೆಣ್ಣು ಯಾರ ಮನೆಯದು ಎಂದು ಕೇಳಿಕೊಂಡು ತಮ್ಮ ಮಗನಿಗಾಗಿ ಕುದೂರಿಗೇ ಬಂದಿದ್ದರು. ಚಿಕ್ಕಪ್ಪನೇ ಕೂರಿಸಿ, ಕಾಫಿ ಕೊಟ್ಟು, ವಿಷಯ ಹೇಳಿ ಬಸ್ಸು ಹತ್ತಿಸಿ ಕಳಿಸಿದ್ದರು.

ಜನ ಚಪ್ಪಾಳೆ ತಟ್ಟಿದರು. ಅಷ್ಟೇ ಆಡಿಕೊಂಡರು ಕೂಡ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ "ಏನ್ಲಾ ಶಿವಲಿಂಗಮ್ಮ" ಎಂಬ ಕೂಗು. ಚಿಕ್ಕಪ್ಪ ನಕ್ಕು ಮುಂದೆ ಹೋಗುತ್ತಿದ್ದರು. ಆದರೆ ಮಗಳು ಪವಿತ್ರಳ ನಾಮಕರಣದ ದಿನ ನಗಲಾಗಲಿಲ್ಲ. ತೊಟ್ಟಿಲ ಮುಂದೆ ನೆಂಟರೊಬ್ಬರು, "ಈ ಮಗೀಗೆ ಅಪ್ಪನೇ ಇಲ್ಲ ಬುಡಿ, ಇಬ್ರೂ ಅವ್ವಂದ್ರೇಯಾ" ಎಂದರು. ಮನೆಯೆಲ್ಲ ಗೊಳ್ ಎಂದಿತು. ಚಿಕ್ಕಪ್ಪ ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಅವರು ಆ ದನಿಯಲ್ಲಿ ಹಾಡಲಿಲ್ಲ. ಸ್ಟೇಜ್ ಮೇಲೂ ಇಲ್ಲ, ಮನೆಯಲ್ಲೂ ಇಲ್ಲ.

ಈಗ ಸಿನಿಮಾಕ್ಕೆ ಬರೋಣ. ಅನನ್ಯ ಎಂಬ ಬೆಂಗಳೂರಿನ ಹುಡುಗಿ, ಫಿಲ್ಮ್ ಕೋರ್ಸ್ ಮುಗಿಸಿದವಳು, ನಮ್ಮ ಕಡೆಯ ಆರ್ಕೆಸ್ಟ್ರಾಗಳ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಲು ಬಂದಳು. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ಗೆಳತಿ. ನಾನೇ ಕುದೂರಿಗೆ ಕರೆದುಕೊಂಡು ಹೋಗಿ ಚಿಕ್ಕಪ್ಪನನ್ನು ಪರಿಚಯಿಸಿದ್ದೆ. ಒಳ್ಳೆಯ ಹುಡುಗಿ, ಶ್ರದ್ಧೆಯವಳು. ಆದರೆ ಇಂಥ ಸಿನಿಮಾಗಳಿಗೆ ಒಂದು ದಾರಿ ಮೊದಲೇ ಹಾಕಿಟ್ಟಿರುತ್ತದಲ್ಲ? ಮೊದಲು ಹುಟ್ಟು. ಆಮೇಲೆ ಮೆರೆದಾಟ. ಆಮೇಲೆ ಅವನತಿ. ಕೊನೆಯಲ್ಲಿ ಧೂಳು ಹಿಡಿದ ವಾದ್ಯ, ಅದರ ಪಕ್ಕ ಸೋತ ಮುಖದ ಮನುಷ್ಯ.

ಅವಳ ಸಿನಿಮಾದಲ್ಲೂ ಹಾಗೇ. ಬಿಡದಿಗೆ ಫ್ಯಾಕ್ಟರಿಗಳು ಬಂದವು. ಕೀಬೋರ್ಡ್ ನಾಗರಾಜು ಶಿಫ್ಟ್ ಡ್ಯೂಟಿಗೆ ಸೇರಿದ. ಡ್ರಮ್ಸ್ ಬಾರಿಸುತ್ತಿದ್ದವನು ಕಂಪನಿ ಗೇಟಿನಲ್ಲಿ ಸೆಕ್ಯುರಿಟಿಯಾದ. ಗಣೇಶನ ಪಕ್ಕಕ್ಕೆ ಡಿ.ಜೆ. ಬಾಕ್ಸ್‌ಗಳು ಬಂದು ಕೂತವು. ಚಿಕ್ಕಪ್ಪ? ಮಾಗಡಿ ಕಡೆಯ ಹುಡುಗ ಹುಡುಗಿಯರನ್ನು ಬಿಡದಿಗೆ ಕರೆದೊಯ್ಯುವ ಕಂಪನಿ ಬಸ್ಸಿನ ಡ್ರೈವರ್.

ಕೊನೆಯ ಸೀನಿಗೆ ಅನನ್ಯ ಚಿಕ್ಕಪ್ಪನನ್ನು ರಾಗಿ ಮೂಟೆಗಳ ಪಕ್ಕ, ಒಡೆದ ಸ್ಪೀಕರ್ ಡಬ್ಬದ ಮೇಲೆ ಕೂರಿಸಿದ್ದಳು. "ಅಂಕಲ್, ಏನೂ ಮಾಡ್ಬೇಡಿ, ಸುಮ್ನೆ ಬಾಗಿಲಾಚೆ ದೂರ ನೋಡ್ತಾ ಇರಿ" ಅಂದಳಂತೆ.

"ಏನ್ ನೋಡಿದ್ರಿ ಚಿಕ್ಕಪ್ಪ?" ಎಂದು ಕೇಳಿದ್ದೆ.

"ಎಮ್ಮೆ ಬಿಚ್ಕಂಡಿತ್ತು ಕಣವ್ವ. ಯಾರ್ ಹೊಲಕ್ಕೆ ನುಗ್ತದೋ ಅಂತ ಅದ್ನೇ ನೋಡ್ತಿದ್ದೆ."

ಸಿನಿಮಾದಲ್ಲಿ ಅದು ಕಳೆದುಹೋದ ಕಾಲದತ್ತ ನೆಟ್ಟ ನೋಟ!

ಇರಲಿ. ಚಿಕ್ಕಪ್ಪನ ಮಾತಿನಂತೆ ಅನನ್ಯಳಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಮೇಡಂ, ಅಂಕಲ್ ಇಲ್ಲ ಅಂದ್ರೆ ಸಿನಿಮಾನೇ ಇಲ್ಲ. ಒಂದ್ಸಲ ಅವರೇ ನೋಡಲಿ. ಆಮೇಲೂ ಬೇಡ ಅಂದ್ರೆ ತೆಗೀತೀನಿ, ಪ್ರಾಮಿಸ್" ಎಂದಳು. ಸರಿ, ಇಬ್ಬರೂ ಕುದೂರಿಗೆ ಹೋದೆವು.

ನಡುಮನೆಯಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಮಾಗಡಿಯ ಯಾವುದೋ ಗಣೇಶೋತ್ಸವದ ಹಳೇ ವಿಡಿಯೋ ಕ್ಯಾಸೆಟ್ಟಿನಿಂದ ಎತ್ತಿದ ತುಣುಕು. ಬಣ್ಣವೆಲ್ಲ ಕದಡಿದೆ. ಆದರೆ ದನಿ ಮಾತ್ರ ಚೊಕ್ಕ. ಮಿರುಗುವ ಶರ್ಟು, ದೊಡ್ಡ ಮೀಸೆ, ಕಣ್ಣು ಮುಚ್ಚಿ ಹಾಡುತ್ತಿರುವ ಚಿಕ್ಕಪ್ಪ.

ಕಾಫಿ ತಂದ ಪವಿತ್ರ ಬಾಗಿಲಲ್ಲೇ ನಿಂತಳು. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ದಿನಾ ಅಪ್ಪನ ಬಸ್ಸಿನಲ್ಲೇ ಡ್ಯೂಟಿಗೆ ಹೋಗುವವಳು. ಅಪ್ಪ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಹಾಡು ನಿಂತ ಮೇಲೆ ಊರಿನವರ ಆ ಕೂಗೂ ನಿಂತಿತ್ತು, ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

"ಅಪ್ಪ ಬರೀ ಬಾಯಾಡಿಸ್ತಾವ್ರಾ? ಹಾಡ್ತಿರೋದು ಯಾರು?"

ಅಡುಗೆಮನೆಯಿಂದ ಚಿಕ್ಕಮ್ಮ ಹೇಳಿದರು. "ನಿಮ್ಮಪ್ಪನೇ ಕಣೇ."

ಪವಿತ್ರ ಕಾಫಿ ಕೆಳಗಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಳು. "ಇನ್ನೊಂದ್ಸಲ ಹಾಕಕ್ಕ" ಎಂದು ಅನನ್ಯಳನ್ನು ಕೇಳಿದಳು. ನೋಡಿದಳು. ಮತ್ತೆ ಹಾಕಿಸಿದಳು. ಚಿಕ್ಕಪ್ಪ ತಲೆ ತಗ್ಗಿಸಿ, ಟವೆಲಿನ ಅಂಚು ಹಿಂಡುತ್ತಾ ಕೂತಿದ್ದರು. ಮಗಳ ಎದುರು ಅಪ್ಪಂದಿರು ಹಾಗೆ ಕೂರುವುದನ್ನು ನಾನು ನೋಡಿರಲಿಲ್ಲ.

"ಇದ್ನ ತೆಗಿ ಅಂತ ಯಾಕಪ್ಪ ಹೇಳ್ದೆ?"

"ನಿನ್ ಮದ್ವೆಗೋಸ್ಕರ ಕಣವ್ವ. ಬೀಗ್ರು ಆಡ್ಕಂಡ್ರೆ ನೀನು ಆ ಮನೇಲಿ ಬಾಳ್ಬೇಕಲ್ಲ."

"ಇದ್ನ ಕೇಳಿ ಆಡ್ಕೊಳೋ ಮನೆಗೆ ನಾನ್ಯಾಕೆ ಹೋಗ್ಲಿ?" ಲ್ಯಾಪ್‌ಟಾಪಿನತ್ತ ಕೈ ತೋರಿಸಿದಳು. "ಅವ್ರನ್ನೇ ಕರಿ. ಅವ್ರ ಮುಂದೆನೇ ತೋರ್ಸು. ಬ್ಯಾಡ ಅಂದ್ರೆ ಈಗ್ಲೇ ಅನ್ಲಿ."

ಒಪ್ಪಿಕೊಂಡ ಸಂಬಂಧವನ್ನು ಹೀಗೆ ಪಣಕ್ಕಿಡುವುದೆಂದರೆ ಸಣ್ಣ ಮಾತೇ? ಚಿಕ್ಕಮ್ಮ ಬೈದರು, ಅತ್ತರು. ಪವಿತ್ರ ಜಗ್ಗಲಿಲ್ಲ. ಕೊನೆಗೆ ಚಿಕ್ಕಪ್ಪನೇ ಬೀಗರಿಗೆ ಫೋನ್ ಮಾಡಿದರು. "ಒಂದು ಸಿನಿಮಾ ಐತೆ, ಬಂದ್ಬುಡಿ" ಎಂದರು. ಹೆಚ್ಚಿಗೆ ಏನೂ ಹೇಳಲಿಲ್ಲ. ಹೇಳಲು ಧೈರ್ಯವೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಕುದೂರಿನ ಕಲ್ಯಾಣ ಮಂಟಪದ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿ ಕತ್ತಲು ಮಾಡಿದ್ದರು. ಗೋಡೆಗೆ ಬಿಳಿ ಪಂಚೆ. ಹಳೇ ಬೆಳ್ಳಿಚುಕ್ಕಿಯವರು, ಬಸ್ಸಿನಲ್ಲಿ ಬರುವ ಫ್ಯಾಕ್ಟರಿ ಹುಡುಗರು, ಅರ್ಧ ಊರು. ಮುಂದಿನ ಸಾಲಿನಲ್ಲಿ ಬೀಗರು ಮರಿಸ್ವಾಮಣ್ಣ, ಜೊತೆಗೆ ಅವರ ಮಗ. ಮರಿಸ್ವಾಮಣ್ಣನದು ಕಡಿಮೆ ಮಾತು, ಬಿಗಿದ ಮುಖ.

ಆ ತುಣುಕು ಬಂತು. ಮೊದಲು ನಗು, ಶಿಳ್ಳೆ. ಹಿಂದಿನಿಂದ ಯಾರೋ "ಶಿವಲಿಂಗಮ್ಮೋ" ಎಂದು ಕೂಗಿಯೇ ಕೂಗಿದರು. ಹಾಡು ಮುಂದುವರಿದಂತೆ ಸದ್ದು ಒಂದೊಂದಾಗಿ ಅಡಗಿತು. ಮರಿಸ್ವಾಮಣ್ಣ ನಗಲೂ ಇಲ್ಲ, ಅಲುಗಾಡಲೂ ಇಲ್ಲ. ಚಿಕ್ಕಪ್ಪ ಬಾಗಿಲ ಬಳಿ ನಿಂತೇ ಇದ್ದರು. ಪವಿತ್ರ ಹೋಗಿ ಅವರ ಪಕ್ಕ ನಿಂತಳು.

ಸಿನಿಮಾ ಮುಗಿಯಿತು. ಬೆಡ್‌ಶೀಟ್ ಸರಿಸಿದರು. ಮರಿಸ್ವಾಮಣ್ಣ ಎದ್ದು ಸೀದಾ ಚಿಕ್ಕಪ್ಪನ ಎದುರಿಗೆ ಬಂದರು.

"ಹೆಣ್ಣು ನೋಡಾಕೆ ಬಂದಾಗ ಎಲ್ಲಾ ಹೇಳಿದ್ರಿ ಬೀಗ್ರೇ. ರೇಷ್ಮೆ ಎಷ್ಟು, ಹಸ ಎಷ್ಟು, ಎಲ್ಲಾವ. ಇದ್ನ ಯಾಕೆ ಮುಚ್ಚಿಟ್ರಿ?"

ಚಿಕ್ಕಪ್ಪ ಕೈ ಜೋಡಿಸಿದರು. "ತಪ್ಪಾಯ್ತು..."

"ತಪ್ಪೇನೂ ಆಗಿಲ್ಲ" ಎಂದಳು ಪವಿತ್ರ.

"ಆಗೈತೆ ಕಣವ್ವ!" ಮರಿಸ್ವಾಮಣ್ಣನ ದನಿ ಏರಿತು. "ಮೊದ್ಲೇ ಹೇಳಿದ್ರೆ ಆ ಡೀಜೆಯೋನ್ಗೆ ನಾನ್ಯಾಕೆ ಅಡ್ವಾನ್ಸ್ ಕೊಡ್ತಿದ್ದೆ?"

ಏನು ಕೇಳಿಸಿತು ಎಂದು ನಮಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವರೇ ಹೇಳಿದರು. "ಆರತಕ್ಷತೇಲಿ ನೀವು ಹಾಡ್ಬೇಕು. ಇದೇ ದನೀಲಿ."

"ಗಂಟ್ಲು ಹೋಗ್ಬುಟ್ಟೈತೆ ಬೀಗ್ರೇ."

"ಎಷ್ಟ್ ಉಳ್ದೈತೋ ಅಷ್ಟ್ರಲ್ಲೇ ಹಾಡಿ."

ಅಂದಿನಿಂದ ಚಿಕ್ಕಪ್ಪನ ಪ್ರಾಕ್ಟೀಸ್ ಎಲ್ಲಿ ಗೊತ್ತೆ? ಬಸ್ಸಿನಲ್ಲಿ! ಬೆಳಗಿನ ಶಿಫ್ಟಿನವರನ್ನು ಇಳಿಸಿ, ಬಸ್ಸನ್ನು ಮರದಡಿ ನಿಲ್ಲಿಸಿ, ಗಾಜೆಲ್ಲ ಏರಿಸಿ, ಖಾಲಿ ಸೀಟುಗಳ ಮುಂದೆ. ಗೇಟಿಗೆ ಹೊಸದಾಗಿ ಬಂದ ಸೆಕ್ಯುರಿಟಿ ಹುಡುಗ, ಯಾರೋ ಲೇಡೀಸ್ ಒಳಗೇ ಉಳಿದುಬಿಟ್ಟಿದ್ದಾರೆ ಎಂದು ಬಾಗಿಲು ಬಡಿದನಂತೆ. ಇದನ್ನು ಹೇಳುವಾಗ ಚಿಕ್ಕಪ್ಪನ ಮೀಸೆಯಡಿಯಲ್ಲಿ ನಗು. ಎಷ್ಟೋ ಕಾಲದ ಮೇಲೆ ಅವರು ತಮ್ಮ ದನಿಯ ಬಗ್ಗೆ ಜಂಬದಿಂದ ಮಾತಾಡಿದ್ದನ್ನು ಅವತ್ತು ಕೇಳಿದೆ.

ಹೋದ ವಾರ ಕನಕಪುರದಲ್ಲಿ ಮದುವೆ. ಆರತಕ್ಷತೆಯ ಸಂಜೆ ಡ್ರಮ್ಸ್ ಬಂದಿತ್ತು. ನಾಗರಾಜು ಡ್ಯೂಟಿ ಮುಗಿಸಿ ಕಂಪನಿ ಯೂನಿಫಾರ್ಮ್‌ನಲ್ಲೇ ಬಂದು ಕೀಬೋರ್ಡ್ ಮುಂದೆ ನಿಂತ. ಗಂಡು ದನಿಗೆ ಹಾಡುತ್ತಿದ್ದ ಗೆಳೆಯ ತೀರಿಕೊಂಡು ವರ್ಷಗಳಾಗಿವೆ. ಹಾಗಾಗಿ ಡ್ಯುಯೆಟ್‌ನ ಎರಡೂ ಪಾಲು ಚಿಕ್ಕಪ್ಪನದೇ. ಒಂದು ಸಾಲು ಅವನು, ಒಂದು ಸಾಲು ಅವಳು.

ಮೊದಲ ಚರಣದಲ್ಲೇ, ಮೇಲಕ್ಕೆ ಹೋಗುವಲ್ಲಿ ದನಿ ಒಡೆಯಿತು. ಚಿಕ್ಕಪ್ಪ ಮೈಕ್ ಇಳಿಸಿದರು. ನೀರು ಕುಡಿದರು. "ನಾಗ, ಶ್ರುತಿ ಒಸಿ ಕೆಳಗ್ ತಗಳ್ಲಾ" ಎಂದು ಮೈಕಿನಲ್ಲೇ ಹೇಳಿದರು. ಮತ್ತೆ ಮೊದಲಿನಿಂದ ಶುರು. ಈ ಸಲ ಒಡೆಯಲಿಲ್ಲ. ಹಳೇ ಕ್ಯಾಸೆಟ್ಟಿನ ನುಣುಪು ಇರಲಿಲ್ಲ ನಿಜ. ಸ್ವಲ್ಪ ಒರಟು, ಸ್ವಲ್ಪ ವಯಸ್ಸಾದ ಹೆಣ್ಣು ದನಿ. ನನಗಂತೂ ಅದೇ ಹೆಚ್ಚು ಇಷ್ಟವಾಯಿತು.

ಮದುಮಗಳು ಏನು ಮಾಡುತ್ತಿದ್ದಳು? ಉಡುಗೊರೆ ಹಿಡಿದು ಸ್ಟೇಜ್ ಹತ್ತಿದ ಒಬ್ಬೊಬ್ಬರಿಗೂ ಹೇಳುತ್ತಿದ್ದಳು: "ಹಾಡ್ತಿರೋದು ನಮ್ಮಪ್ಪ." ಪಕ್ಕದಲ್ಲಿದ್ದ ಗಂಡು ಕೂಡ, ಅವಳು ಮರೆತಾಗ, "ನಮ್ ಮಾವ" ಎನ್ನುತ್ತಿದ್ದ.

ರೇಷ್ಮೆ ಸೀರೆ ಉಟ್ಟು ಬಂದಿದ್ದ ಅನನ್ಯ ನನ್ನ ತೋಳು ಹಿಡಿದು, "ಮೇಡಂ, ಕ್ಯಾಮೆರಾನೇ ತಂದಿಲ್ಲ!" ಎಂದು ಒದ್ದಾಡಿದಳು. ಒಳ್ಳೆಯದೇ ಆಯಿತು, ಬಾ ಊಟಕ್ಕೆ ಎಂದೆ. ಅವಳ ಸಿನಿಮಾ ಈಗಾಗಲೇ ಎಲ್ಲೋ ಫೆಸ್ಟಿವಲ್‌ಗೆ ಹೋಗಿಯಾಗಿದೆಯಂತೆ. ಅದೇ ರಾಗಿ ಮೂಟೆ, ಅದೇ ಒಡೆದ ಸ್ಪೀಕರ್, ಅದೇ ದೂರದ ನೋಟದೊಂದಿಗೆ.

ಬೆಳ್ಳಿಚುಕ್ಕಿ ಆರ್ಕೆಸ್ಟ್ರಾ ಮತ್ತೆ ಹುಟ್ಟಲಿಲ್ಲ. ಹುಟ್ಟುವುದೂ ಇಲ್ಲ. ಬರುವ ಗಣೇಶನಿಗೂ ಡಿ.ಜೆ.ನೇ. ಅದರ ಬೇಸರ ನನಗಿದೆ. ಆದರೆ ಆ ಸಂಗೀತಗಾರರು ಎಲ್ಲೂ ಬಿದ್ದುಹೋಗಿಲ್ಲ. ಶಿಫ್ಟ್ ಮಾಡಿದ್ದಾರೆ, ಮನೆ ಕಟ್ಟಿದ್ದಾರೆ, ಮಕ್ಕಳನ್ನು ದಡ ಸೇರಿಸಿದ್ದಾರೆ. ಕರೆದರೆ ಯೂನಿಫಾರ್ಮ್‌ನಲ್ಲೇ ಓಡಿಬಂದು ಶ್ರುತಿ ಹಿಡಿಯುತ್ತಾರೆ. ನಮ್ಮ ಊರುಗಳ ಬಗ್ಗೆ ನನಗೆ ಹೆಮ್ಮೆ ಎನ್ನಿಸುವುದು ಇಂಥವರಿಂದಲೇ.

ಮಗಳನ್ನು ಹಾಡಿ ಕಳಿಸಿ, ರಜೆ ಮುಗಿದ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಸ್ಸಿನ ಸ್ಟೇರಿಂಗ್ ಹಿಡಿದ ಮನುಷ್ಯನ ಕಥೆಗೆ 'ಅವನತಿ' ಎಂದು ಹೆಸರಿಡಲು ನಮಗೆ ಪರ್ಮಿಷನ್ ಕೊಟ್ಟವರು ಯಾರು?