ಕಣ್ಣಿಲ್ಲದ ಬಾತುಕೋಳಿಗಳು

ನಮ್ಮ ಅತ್ತೆಗೆ ಬೀದಿಯವರಿಟ್ಟ ಹೆಸರು ಉಜ್ಜುಕಾಗದ. ತಪ್ಪೇನಿಲ್ಲ ಬಿಡಿ. ಮರವನ್ನೂ ಉಜ್ಜುತ್ತಾರೆ, ಎದುರಿಗೆ ಸಿಕ್ಕವರನ್ನೂ ಉಜ್ಜುತ್ತಾರೆ. ಮಾವ ಬಡಗಿ. ಅವರು ತೀರಿಕೊಂಡ ಮೇಲೆ ಉಳಿದ ತುಂಡುಮರ ಇಟ್ಟುಕೊಂಡು, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಎಳೆಮಕ್ಕಳಿಗೆ ಆಟಿಕೆ ಮಾಡೋಕೆ ಕೂತರು. ಒಂದು ಬಾತುಕೋಳಿಗೆ ಎರಡು ದಿನ! ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ಅದನ್ನು ತಮ್ಮ ತುಟಿಯ ಮೇಲೆ ಎಳೆದು ನೋಡಬೇಕು. ಒಂದು ಸಿಬಿರು ತಾಕಿತೋ, ಮತ್ತೆ ಮೊದಲಿಂದ.

ಇದು ಸಾಲದು ಅಂತ ಒಂದು ತೂತಿನ ಹಲಗೆ ಬೇರೆ. ತೂತು ಕೂಸಿನ ಬಾಯಿಯಷ್ಟಗಲ. ಅದರಲ್ಲಿ ತೂರಿ ಬೀಳುವಂಥ ಒಂದು ಚೂರೂ ಆಟಿಕೆಯಲ್ಲಿ ಇರಕೂಡದು. ಹಾಗಾಗಿ ಅವರ ಬಾತುಕೋಳಿಗಳಿಗೆ ಕಣ್ಣೇ ಇಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆ ತುಂಬ ಮರದ ಹೊಟ್ಟು, ಗುಡಿಸುವವಳು ನಾನು! ಅತ್ತೆ ತಂಗಿ ಮನೆಗೆ ಹೋಗಿದ್ದಾಗ, ಅವರ ಆಟಿಕೆ ಮಾರಿಕೊಡುತ್ತಿದ್ದ ಅಂಗಡಿಯವನು ಹನ್ನೆರಡು ಬಾತುಕೋಳಿ ವಾಪಸ್ ತಂದು ಕುಕ್ಕಿದ. "ಕುರುಡು ಬಾತುಕೋಳಿ ಯಾರಿಗಮ್ಮಾ ಬೇಕು?" ಅಂದ. ಸರಿ, ನಾನು ನನ್ನ ಹಳೇ ಸರದ ನೀಲಿ ಮಣಿ ಬಿಚ್ಚಿ, ಅಂಟು ಹಾಕಿ, ಇಪ್ಪತ್ತನಾಲ್ಕು ಕಣ್ಣು ಕೂರಿಸಿ ಕಳಿಸಿದೆ. ಎರಡೇ ದಿನದಲ್ಲಿ ಎಲ್ಲ ಖಾಲಿ. ಅತ್ತೆ ಬಂದಾಗ ಹೇಳಲಿಲ್ಲ. ಒಳಗೊಳಗೇ ಬೀಗಿದೆ.

ನಾಲ್ಕನೇ ದಿನ ದರ್ಜಿಯ ಹೆಂಡತಿ ಬಾಗಿಲು ಮುರಿಯೋ ಹಾಗೆ ಬಡಿದಳು. ಒಂದು ಕೈಯಲ್ಲಿ ಒಂಟಿಗಣ್ಣಿನ ಬಾತುಕೋಳಿ, ಇನ್ನೊಂದರಲ್ಲಿ ನೀಲಿ ಮಣಿ.

"ಬೆರಳು ಹಾಕಿ ಗಂಟಲಿಂದ ತೆಗೆದಿದೀನಿ! ಮಗು ಉಸಿರೇ ಬಿಡ್ತಿರಲಿಲ್ಲ! ನಿಮ್ಮನ್ನ ನಂಬಿದ್ದಕ್ಕೆ ನನಗೆ ಚಪ್ಪಲೀಲಿ ಹೊಡ್ಕೋಬೇಕು!"

ಅತ್ತೆ ಮಣಿ ನೋಡಿದರು. ಆ ಸರ ನನಗೆ ಕೊಡಿಸಿದ್ದೇ ಅವರು. ನನ್ನ ಕಡೆ ತಿರುಗಲಿಲ್ಲ.

"ತಪ್ಪಾಯ್ತು ಕಣಮ್ಮ. ನನ್ನ ಮನೆಯಿಂದ ಹೋಗಿರೋದು, ತಪ್ಪು ನನ್ನದೇ."

ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸು! ಆಗಲೇ ಅಂಗಡಿಗೆ ಹೋಗಿ, ಅವನ ಜನ್ಮ ಜಾಲಾಡಿ, ಕೊಂಡವರ ಮನೆ ವಿಚಾರಿಸಿ, ಉಳಿದ ಹನ್ನೊಂದನ್ನೂ ಒಟ್ಟು ಮಾಡಿದರು. ಮನೆಮನೆಯಲ್ಲೂ ಬೈಸಿಕೊಂಡರು. ನಾನು ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು, ಚೀಲ ಹಿಡಿದು ಹಿಂದೆ ಹಿಂದೆ ನಡೆದೆ. ಒಂದು ಕಡೆಯೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಮನೆ ಸೇರಿದ ಮೇಲೆ ತಡೆಯಲಾಗಲಿಲ್ಲ. ಮಗಳನ್ನು ಕೆಳಗಿಳಿಸಿ ಕಿರುಚಿದೆ. "ನನ್ನ ಹೆಸರು ಯಾಕೆ ಹೇಳಲಿಲ್ಲ? ಬೈಯೋದಾದ್ರೂ ಬೈರಿ!"

ಅತ್ತೆ ಚೀಲಕ್ಕೆ ಕೈ ಹಾಕಿ ಒಂದು ಬಾತುಕೋಳಿ ತೆಗೆದು ನನ್ನ ಕೈಗೆ ತುರುಕಿದರು.

"ಇಷ್ಟು ಚೆಂದ ಕಣ್ಣು ಅಂಟಿಸಿದೀಯ. ಕೊಡು, ನಿನ್ನ ಮಗಳಿಗೆ."

ಮಗಳು ಆಗಲೇ ಅಂಬೆಗಾಲಲ್ಲಿ ಓಡಿ ಬರುತ್ತಿದ್ದಳು, ಬಾಯಿ ತೆರೆದುಕೊಂಡೇ. ನಾನು ಬಾತುಕೋಳಿಯನ್ನು ಎತ್ತರಕ್ಕೆ ಎತ್ತಿ ಹಿಡಿದು ಗೋಡೆವರೆಗೂ ಹಿಂದೆ ಸರಿದೆ. ಅದು ಸಿಗದೆ ಅವಳು ಅಳೋಕೆ ಶುರು ಮಾಡಿದಳು.

"ಯಾಕೆ?" ಅಂದರು ಅತ್ತೆ. "ದರ್ಜಿ ಮಗು ಆದ್ರೆ ಪರವಾಗಿಲ್ವಾ?"