ವಾಚ್‌ಮನ್ ಭರಮ್ಯಾ ಊರಿಗೆ ಹೋದದ್ದು

ಮುಧೋಳದ ಬಸ್ ನಿಲ್ದಾಣದಲ್ಲಿ ಬನಹಟ್ಟಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಬೆನ್ನ ಹಿಂದೆ ಒಂದಿಷ್ಟು ಜನ ಒಮ್ಮೆಲೇ ಘೊಳ್ಳೆಂದು ನಕ್ಕರು. ತಿರುಗಿ ನೋಡಿದರೆ ಜನ ಎಲ್ಲಿದ್ದಾರೆ? ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತು ಮೊಬೈಲ್ ನೋಡುತ್ತಿದ್ದಳು. ನಗು ಅದರೊಳಗಿಂದ ಬಂದದ್ದು. ಅವಳ ಮುಖದ ಮೇಲೆ ಮಾತ್ರ ನಗು ಇರಲಿಲ್ಲ, ಪಾಪ, ಅವಳೂ ಬಸ್ಸಿನ ದಾರಿಯನ್ನೇ ನೋಡುತ್ತಿದ್ದಳೇನೋ.

ನೀವೂ ಈ ನಗುವನ್ನು ಕೇಳಿಯೇ ಇರುತ್ತೀರಿ. ಟಿ.ವಿ.ಯ ಹಾಸ್ಯ ಧಾರಾವಾಹಿಗಳಲ್ಲಿ ಮಾತು ಮುಗಿಯುವ ಮೊದಲೇ ಸುರಿದು, ಮುಂದಿನ ಮಾತಿಗೆ ನಲ್ಲಿ ತಿರುವಿದ ಹಾಗೆ ನಿಂತುಬಿಡುವ ನಗು. ಅದು ಕಿವಿಗೆ ಬಿದ್ದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿದೆ. ಓದಿದ ಫಲಕವನ್ನೇ ಮತ್ತೆ ಓದಿದೆ. ಬಾರದ ಬಸ್ಸನ್ನು ಕಂಟ್ರೋಲರರ ಕಿಟಕಿಗೆ ಹೋಗಿ ವಿಚಾರಿಸಿ ಬಂದೆ. ದಿನವಿಡೀ ಮಕ್ಕಳಿಗೆ "ಸುಮ್ನ ಕುಂದರ್ರಿ" ಎಂದು ಹೇಳಿ ಸಂಬಳ ತೆಗೆದುಕೊಳ್ಳುವ ಟೀಚರಮ್ಮನ ಪಾಡು ಇದು.

ನಮ್ಮ ಮನೆಯಲ್ಲಿ ಸುಮ್ಮನೆ ಕೂಡಲಾರದವನು ಅಂದರೆ ನಮ್ಮಣ್ಣ ಮಾಳಪ್ಪ. ನಾವು ಗಲಗಲಿಯ ಕಡೆ ಹೊಳೆದಂಡೆಯ ಹಳ್ಳಿಯವರು, ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಕುರಿಗಳ ಹಿಂದೆ ನಡೆಯುವುದೇ ಕೆಲಸವಾಗಿದ್ದಾಗ ಅವನ ಚಡಪಡಿಕೆ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಆಲಮಟ್ಟಿಯ ಹಿನ್ನೀರು ಏರಿತು. ಹುಲ್ಲುಗಾವಲು ಹೋಯಿತು, ಊರು ದಿನ್ನೆಯ ಮೇಲಿನ ಪ್ಲಾಟುಗಳಿಗೆ ಬಂತು, ಉಳಿದ ನೆಲವೆಲ್ಲ ಕಬ್ಬಾಯಿತು. ಕಬ್ಬಿನೊಳಗೆ ಕುರಿ ಬಿಡುವ ಹಾಗಿಲ್ಲ. ಕುರಿ ಮಾರಿದೆವು. ಅದೇ ಸುಮಾರಿಗೆ ಅಪ್ಪ ತೀರಿಕೊಂಡ. ಅಣ್ಣನಿಗೆ ನಡೆಯುವ ಕಾಲು ಉಳಿದವು, ಮುಂದೆ ನಡೆಯುವ ಕುರಿ ಉಳಿಯಲಿಲ್ಲ.

ಹೊಸ ಊರಿನಲ್ಲಿ ಅವನು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ತಿರುಗುತ್ತ ಜನರನ್ನು ನಗಿಸತೊಡಗಿದ. ಮುಳುಗಡೆ ಪರಿಹಾರಕ್ಕೆಂದು ಮನೆ ಅಳೆಯಲು ಬಂದ ಸಾಹೇಬರು ಟೇಪು ಹಿಡಿದು ಕೆಸರಿನಲ್ಲಿ ಜಾರಿದ್ದನ್ನು ಮಾಡಿ ತೋರಿಸಿದರೆ, ಮನೆ ಕಳೆದುಕೊಂಡವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಳ್ಳಿಯ ನಾಟಕಗಳಲ್ಲಿ ಹಾಸ್ಯದ ಪಾತ್ರ ಅವನಿಗೇ ಮೀಸಲು. ಹೊಟ್ಟೆಪಾಡಿಗೆ ಮುಧೋಳದ ಕೇಬಲ್ ಅಂಗಡಿ ಸೇರಿ ಕಂಬ ಹತ್ತಿ ವಾಯರು ಎಳೆಯುತ್ತಿದ್ದ.

ಅವನ ಗುರು ಸಿಕ್ಕಿದ್ದು ಅಲ್ಲೇ. ಮಧ್ಯಾಹ್ನದ ಹೊತ್ತು ಯಾರೂ ನೋಡದ ಒಂದು ಇಂಗ್ಲಿಷ್ ಚಾನೆಲ್ಲಿನಲ್ಲಿ ಅಮೆರಿಕದ ಹಾಸ್ಯ ಬರುತ್ತಿತ್ತು. ಬೋಳುತಲೆಯ, ದಪ್ಪ ಹೊಟ್ಟೆಯ ನಟನೊಬ್ಬ ಯಾವುದೋ ಆಫೀಸಿನ ಗುಮಾಸ್ತನಾಗಿ ಬರುತ್ತಿದ್ದ. ಅವನ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ; ಅಣ್ಣ ಅವನನ್ನು "ನಮ್ಮ ಬೋಳಪ್ಪ" ಅನ್ನುತ್ತಿದ್ದ. ನಾನಾಗ ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದೆ. ರಜೆಯಲ್ಲಿ ಅವನ ಅಂಗಡಿಗೆ ಹೋದರೆ, ಅರ್ಥ ಹೇಳು ಎಂದು ನನ್ನನ್ನು ಕೂಡಿಸಿಕೊಳ್ಳುತ್ತಿದ್ದ. ನಾನು ಹೇಳಿದ ಅರ್ಥ ಆ ನಟನ ಕಿವಿಗೆ ಬಿದ್ದಿದ್ದರೆ ಅವನು ಆ ಕಸುಬನ್ನೇ ಬಿಡುತ್ತಿದ್ದ. ಅಣ್ಣನಿಗೆ ಅದರ ಚಿಂತೆಯಿರಲಿಲ್ಲ.

"ಮಾತ ಬಿಡು ಬೇ," ಅನ್ನುತ್ತಿದ್ದ. "ಮಾತಾಡೂಕಿಂತ ಮದ್ಲ ಎಷ್ಟೊತ್ತ ತಡೀತಾನ ನೋಡು. ಆ ತಡಿಯೂದ್ರಾಗ ಐತಿ ಎಲ್ಲಾ."

ಕೈಕಾಲು ಒಂದು ಗಳಿಗೆ ನಿಲ್ಲದ ನಮ್ಮಣ್ಣ ತಡೆಯುವುದನ್ನು ಕಲಿತದ್ದು ಅವನನ್ನು ನೋಡಿ. ಆ ನಟ ಸುಮ್ಮನಾದಾಗಲೆಲ್ಲ ಕಾಣದ ಜನ ನಗುತ್ತಿದ್ದರು. "ಇವರೆಲ್ಲಾ ಎಲ್ಲಿ ಕುಂತಾರ?" ಎಂದು ಅಣ್ಣ ಟಿ.ವಿ.ಯ ಹಿಂದೆ ಇಣುಕಿದ ಹಾಗೆ ಮಾಡುತ್ತಿದ್ದ.

ಮುಂದೆ ಅವನು ಒಂದು ನಾಟಕ ಕಂಪನಿ ಸೇರಿದ. ಬನಹಟ್ಟಿಯಲ್ಲಿ ಕ್ಯಾಂಪ್ ಹಾಕಿದಾಗ ಬೆಂಗಳೂರಿನ ಒಬ್ಬ ಡೈರೆಕ್ಟರು ನಾಟಕ ನೋಡಲು ಬಂದಿದ್ದರು. ಅವರ ಹೊಸ ಧಾರಾವಾಹಿಗೆ ನಮ್ಮ ಕಡೆಯ ಮಾತಾಡುವ ವಾಚ್‌ಮನ್ ಒಬ್ಬ ಬೇಕಾಗಿತ್ತು. ಹೀಗೆ ನಮ್ಮ ಮಾಳಪ್ಪ ದೊಡ್ಡ ಕಟ್ಟಡವೊಂದರ ಗೇಟು ಕಾಯುವ ಭರಮ್ಯಾ ಆದ. ಮನೆಮನೆಯ ಟಿ.ವಿ.ಯಲ್ಲಿ ವಾರ ವಾರ ಬರತೊಡಗಿದ.

ನಮ್ಮ ಕಡೆಯ ಮಾತು ಟಿ.ವಿ.ಯಲ್ಲಿ ಬಂದಾಗ ಇಲ್ಲಿ ಆದ ಸಂಭ್ರಮವನ್ನು ಹೇಗೆ ಹೇಳಲಿ? ಅಣ್ಣ ಊರಿಗೆ ಬಂದರೆ ಕಂಡಕ್ಟರು ತಮ್ಮ ಸೀಟು ಬಿಟ್ಟುಕೊಡುತ್ತಿದ್ದರು. ನಾನಾಗ ಬನಹಟ್ಟಿಯ ಸಾಲೆಯಲ್ಲಿ ನೌಕರಿಗೆ ಸೇರಿದ್ದೆ. ಹೆಡ್‌ಮಾಸ್ತರರು ಬಂದವರಿಗೆಲ್ಲ, "ಇವ್ರು ವಿಜ್ಞಾನ ಟೀಚರ್ ರೀ, ಭರಮ್ಯಾನ ತಂಗಿ," ಎನ್ನುತ್ತಿದ್ದರು. ಧಾರಾವಾಹಿ ಬಂದ ಮರುದಿನ ನಾನು ಸಾಲೆಗೆ ಹೋಗುವಾಗ ನಿಧಾನಕ್ಕೆ ನಡೆಯುತ್ತಿದ್ದೆ, ಯಾರಾದರೂ ತಡೆದು ಮಾತಾಡಿಸಲಿ ಎಂದು. ಯಾರೂ ತಡೆಯದಿದ್ದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ನಿಲ್ಲುತ್ತಿದ್ದೆ.

ಅವ್ವನಿಗೂ ಹಿಗ್ಗು. ಊರಿನ ಹೆಂಗಸರನ್ನೆಲ್ಲ ಕರೆದು ಟಿ.ವಿ.ಯ ಮುಂದೆ ಕೂಡಿಸುತ್ತಿದ್ದಳು. ಆದರೆ ಬರಬರುತ್ತ ಅವಳು ಧಾರಾವಾಹಿ ನೋಡುವಾಗ ಮುಖ ಗಂಟಿಕ್ಕತೊಡಗಿದಳು. ಒಮ್ಮೆ ಅಣ್ಣ ರಜೆಯಲ್ಲಿ ಬಂದಿದ್ದ. ನಾನೂ ಹೋಗಿದ್ದೆ. ಮೂವರೂ ಕೂತು ನೋಡುತ್ತಿದ್ದೆವು. ಪರದೆಯ ಮೇಲೆ ಭರಮ್ಯಾ ಗೇಟು ತೆಗೆದು, ಕಾರಿನಲ್ಲಿ ಬಂದ ಯಜಮಾನರಿಗೆ "ಊಟ ಆತೇನ್ರಿ?" ಅಂದ. ಘೊಳ್ಳೆಂದು ನಗು ಬಂತು.

ಅವ್ವ ಅಣ್ಣನ ಕಡೆ ತಿರುಗಿದಳು. "ಯಾಕ ನಕ್ರೋ ಮಾಳ್ಯಾ?"

"ನಗೂ ಸೀರಿಯಲ್ ಅಲ್ಲೇನ ಬೇ."

"ಊಟ ಆತೇನ್ರಿ ಅಂದಿ. ಮನಿಗಿ ಬಂದವ್ರಿಗಿ ಎಲ್ಲಾರೂ ಅಂತಾರ. ಅದರಾಗ ನಗೂದೇನ ಐತಿ?"

ಅಣ್ಣ ನನ್ನ ಮುಖ ನೋಡಿದ. ನಾನು ಟಿ.ವಿ. ನೋಡಿದೆ. "ಅದು ಮಂದಿ ನಗೂದಲ್ಲ ಬೇ," ಅಂದ ಅವನು. "ಮಷೀನ್ ನಗು. ಆಮ್ಯಾಲ ಹಚ್ಚತಾರ."

"ಇಲ್ಲಿ ನಗು ಅಂತ ಆ ಮಷೀನಿಗಿ ಯಾರರೆ ಹೇಳಿರಬೇಕಲ್ಲ?" ಅಂದಳು ಅವ್ವ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು, ಎದ್ದು ರೊಟ್ಟಿ ಬಡಿಯಲು ಹೋದಳು. ಅಣ್ಣ ಹೊರಗೆ ಹೋದವನು ಹಿನ್ನೀರಿನ ದಂಡೆಗುಂಟ ಹೋಗಿ ಬಂದು, ಮತ್ತೆ ಹೋಗಿ ಬಂದು, ರೊಟ್ಟಿ ಆರಿದ ಮೇಲೆ ಬಂದು ಉಂಡ. ಉಣ್ಣುವಾಗ ಒಂದೇ ಮಾತಾಡಿದ. "ನಾ ಎಲ್ಲೆಲ್ಲಿ ತಡೀತೇನೋ ಅಲ್ಲಿ ಅವ್ರು ನಗು ಹಾಕಂಗಿಲ್ಲ. ನಮ್ಮ ಮಾತು ಬಂದಲ್ಲಿ ಹಾಕತಾರ. ನಾ ಇಷ್ಟ ದಿನ ನೋಡೇ ಇಲ್ಲ ನೋಡು."

ಬೆಂಗಳೂರಿಗೆ ಹೋಗಿ ಅವನು ಡೈರೆಕ್ಟರರಿಗೆ ಇದನ್ನೇ ಹೇಳಿದನಂತೆ. ಅವರು ಕೆಟ್ಟವರೇನಲ್ಲ. ಅಣ್ಣನಿಗೆ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ಕಳಿಸಿದವರು. "ಮಾಳಪ್ಪ, ಜನ ನಗೋದೇ ನಿನ್ನ ಭಾಷೆಗೆ ಕಣಯ್ಯ," ಅಂದರಂತೆ. "ಅದನ್ನೇ ತೆಗೆದ್ರೆ ನಿನ್ ಪಾತ್ರದಲ್ಲಿ ಏನು ಉಳಿಯತ್ತೆ ಹೇಳು?"

ಆ ಪ್ರಶ್ನೆ ಅಣ್ಣನನ್ನು ತಿಂದಿತು. ಅಲ್ಲಿಂದ ಮುಂದೆ ಅವನ ಫೋನು ಹೊತ್ತಿಲ್ಲದ ಹೊತ್ತಿಗೆ ಬರುತ್ತಿತ್ತು. ನಾನು ಪಾಠ ಮಾಡುತ್ತಿದ್ದಾಗಲೂ ಬರುತ್ತಿತ್ತು. "ತಂಗಿ, ಭರಮ್ಯಾ ಶಾಣ್ಯಾನೋ ಹುಚ್ಚನೋ?" ಎಂದು ಕೇಳುತ್ತಿದ್ದ. ನಾನು "ಅಣ್ಣಾ, ಮಕ್ಕಳು ಕುಂತಾವ," ಎಂದು ಇಡುತ್ತಿದ್ದೆ. ಇಟ್ಟ ಮೇಲೆ ಬೋರ್ಡಿನ ಮೇಲೆ ಬರೆದದ್ದು ನನಗೇ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಒಂದು ಕಂತಿನಲ್ಲಿ ಭರಮ್ಯಾನ ತಾಯಿ ಊರಿಂದ ಬರುವುದಿತ್ತು. ಇಳಕಲ್ಲ ಸೀರೆಯ ಮುದುಕಿ ಲಿಫ್ಟಿನೊಳಗೆ ಹೋಗಿ ದೇವರ ಗುಡಿಯೆಂದು ತಿಳಿದು ಕೈಮುಗಿಯಬೇಕು, ಮಗ ಅವಳ ಮಾತನ್ನು ಅಣಕಿಸಬೇಕು. ಅಣ್ಣ ಅದನ್ನು ಮಾಡುವುದಿಲ್ಲವೆಂದ. ಅವ್ವನ ಕಣ್ಣಿನ ಪೊರೆಯ ಆಪರೇಷನ್ ಇದೆಯೆಂದು ರಜೆ ಹೇಳಿ ಬಂದುಬಿಟ್ಟ. ಆಪರೇಷನ್ ಇದ್ದದ್ದೂ ಖರೆ.

ಜಮಖಂಡಿಯಲ್ಲಿ ಆಪರೇಷನ್ ಆಗಿ, ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದಳು. ಸಂಜೆ ಧಾರಾವಾಹಿಯ ಹೊತ್ತಾಯಿತು. ಹಚ್ಚುವುದು ಬೇಡವೆಂದು ಅಣ್ಣ ಅಂದ. ಕೇಳುತ್ತೇನೆ ಹಚ್ಚು ಎಂದು ಅವ್ವ ಅಂದಳು. ಹಚ್ಚಿದೆ. ಗೇಟಿನಲ್ಲಿ ಹೊಸ ವಾಚ್‌ಮನ್ ನಿಂತಿದ್ದ. ಯಜಮಾನರ ಪಾತ್ರದವರು ಕಾರಿನ ಕಿಟಕಿ ಇಳಿಸಿ, "ಎಲ್ಲಿ ನಮ್ಮ ಭರಮ?" ಎಂದು ಕೇಳಿದರು.

"ಊರಿಗೆ ಹೋದ ಸಾರ್. ಇನ್ಮೇಲೆ ಬರಲ್ವಂತೆ."

ನಗು ಬಂತು. ಕಾರು ಒಳಗೆ ಹೋಯಿತು. ಅಷ್ಟೇ. ಅಷ್ಟು ವರ್ಷಗಳ ಪಾತ್ರ ಅಷ್ಟರಲ್ಲಿ ಮುಗಿಯಿತು. ಯಾರೂ ಅವನಿಗೆ ಮೊದಲು ಒಂದು ಫೋನು ಮಾಡಿರಲಿಲ್ಲ.

ನಾನು ಅಣ್ಣನನ್ನು ನೋಡಿದೆ. ಅವ್ವ ಕಣ್ಣು ಕಾಣದೆ ತಡಕಾಡುತ್ತ ಅವನಿದ್ದ ಕಡೆ ಕೈ ಚಾಚಿ, ಮೊಣಕಾಲು ಸಿಕ್ಕ ಮೇಲೆ ತಟ್ಟಿದಳು. "ಖರೇನ ಹೇಳ್ಯಾರಲ್ಲೋ. ಊರಿಗಿ ಬಂದಿ. ಇಲ್ಲೇ ಅದಿಯಲ್ಲ."

ಅಣ್ಣ ಎಷ್ಟೋ ಹೊತ್ತು ತಡೆದ. ಆಮೇಲೆ ಅವನಿಗೆ ನಗು ಬಂತು. ಅವ್ವನೂ ನಕ್ಕಳು, ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸುತ್ತ ನಾನೂ ನಕ್ಕೆ.

ನಗು ಅವತ್ತಿಗೆ ಸಾಕಾಯಿತು, ಮುಂದಿನ ದಿನಗಳಿಗೆ ಸಾಲಲಿಲ್ಲ. ಅಣ್ಣ ಮತ್ತೆ ಕಟ್ಟೆಯಿಂದ ಕಟ್ಟೆಗೆ ತಿರುಗತೊಡಗಿದ. ಎಲ್ಲಿ ಹೋದರೂ ಭರಮ್ಯಾ ಎಂದೇ ಕರೆಯುತ್ತಿದ್ದರು. ಸಾಲೆಯ ಗ್ಯಾದರಿಂಗು, ಅಂಗಡಿಯ ಆರಂಭ, ಎಲ್ಲ ಕಡೆ ಆ ಊಟದ ಮಾತನ್ನೇ ಅನ್ನು ಎಂದು ಬೆನ್ನು ಹತ್ತುತ್ತಿದ್ದರು. ತಿಮ್ಮಾಪುರದ ನಾಯಿ ಸಾಕಣೆ ಕೇಂದ್ರಕ್ಕೆ ಹೋಗಿ ಮುಧೋಳ ನಾಯಿಯ ಮರಿಯೊಂದನ್ನು ತಂದ, ಸಾಕುತ್ತೇನೆಂದು. ಅದು ಇವನಿಗಿಂತ ಹೆಚ್ಚು ಚಡಪಡಿಸುವ ಪ್ರಾಣಿ. ಇಬ್ಬರೂ ಬೆಳಗಾದರೆ ಕಬ್ಬಿನ ಬದುಗಳ ಮೇಲೆ ಓಡುತ್ತಿದ್ದರು. ಯಾರು ಯಾರನ್ನು ಸಾಕುತ್ತಿದ್ದಾರೋ ಹೇಳುವುದು ಕಷ್ಟವಿತ್ತು. "ಒಂದ ಕಡೆ ಕುಂದ್ರೋ ಅಣ್ಣಾ," ಎಂದು ನಾನು ಅಂದದ್ದಕ್ಕೆ ಲೆಕ್ಕವಿಲ್ಲ.

ಕೊನೆಗೆ ಅವನು ಬಂದದ್ದು ನಮ್ಮ ಬನಹಟ್ಟಿಗೆ. ಮೊದಲು ಅವನ ಜೊತೆ ಕಂಬ ಹತ್ತುತ್ತಿದ್ದ ಗೆಳೆಯ ಇಲ್ಲಿ ಕೇಬಲ್ ಹಾಕಿಕೊಂಡಿದ್ದ, ಸಣ್ಣದೊಂದು ಲೋಕಲ್ ಚಾನೆಲ್ ನಡೆಸುತ್ತಿದ್ದ. ಇಬ್ಬರೂ ಸೇರಿ ವಾರಕ್ಕೊಂದು ಹಾಸ್ಯ ಶುರುಮಾಡಿದರು. ಹಿನ್ನೀರಿಗೆ ಮುಳುಗಿ ದಿನ್ನೆಗೆ ಎದ್ದುಬಂದ ಊರಿನ ಕತೆ. ಎಲ್ಲ ಪ್ಲಾಟೂ ಒಂದೇ ನಮೂನೆ, ಬ್ಯಾಂಡಿನವರು ಮದುವೆಯ ಮನೆ ಬಿಟ್ಟು ಪಕ್ಕದ ಮನೆಯ ಮುಂದೆ ಬಾರಿಸುತ್ತಾರೆ, ಅಲ್ಲಿಯ ಮುದುಕ ತನಗೇ ಎರಡನೆಯ ಮದುವೆಯೆಂದು ರುಮಾಲು ಸುತ್ತಿಕೊಳ್ಳುತ್ತಾನೆ. ಆ ಮುದುಕ ನಮ್ಮಣ್ಣನೇ. ಎಲ್ಲರೂ ನಮ್ಮ ಮಾತನ್ನೇ ಆಡುತ್ತಿದ್ದರು, ಸಾಹೇಬರೂ ಸಹ. ನಗುವನ್ನು ಮಾತ್ರ ಹಚ್ಚಲಿಲ್ಲ. ಗೆಳೆಯ, "ನಗು ಇಲ್ದ ಜನಕ್ಕ ಹೆಂಗ ಗೊತ್ತಾಗ್ತೈತಿ?" ಎಂದು ಕೇಳಿದ್ದಕ್ಕೆ ಅಣ್ಣ, "ಗೊತ್ತಾಗಲಿಲ್ಲಂದ್ರ ಬಿಡಲಿ," ಅಂದನಂತೆ.

ಬನಹಟ್ಟಿಯನ್ನು ನೀವು ನೋಡಿದ್ದರೆ ಅಲ್ಲಿಯ ಸಪ್ಪಳ ನೆನಪಿರುತ್ತದೆ. ಮನೆಮನೆಯಲ್ಲಿ ವಿದ್ಯುತ್ ಮಗ್ಗ. ಖಟಖಟ ಎನ್ನುವ ಸದ್ದಿನಲ್ಲಿಯೇ ಜನ ಉಣ್ಣುತ್ತಾರೆ, ಜಗಳಾಡುತ್ತಾರೆ, ನಿದ್ದೆ ಮಾಡುತ್ತಾರೆ. ಟಿ.ವಿ.ಯ ಮಾತು ಅದರಲ್ಲಿ ಕೇಳುವುದಿಲ್ಲ. ಬೇರೆ ಧಾರಾವಾಹಿಗಳ ಜೋರು ಮಷೀನ್ ನಗು ಕೇಳಿದರೆ ಮಗ್ಗದ ಮುಂದೆ ನಿಂತವರೂ ನಕ್ಕು ಕೆಲಸ ಮುಂದುವರಿಸುತ್ತಿದ್ದರು. ಅಣ್ಣನ ಹಾಸ್ಯದಲ್ಲಿ ಹಾಗೆ ಆಗುವಂತಿರಲಿಲ್ಲ. ಮೊದಲ ಕೆಲವು ವಾರ ಯಾರೂ ನೋಡಲಿಲ್ಲ. ಅಣ್ಣ ನನ್ನ ಮನೆಯಲ್ಲೇ ಇದ್ದ. ಕಾರ್ಯಕ್ರಮದ ಹೊತ್ತಿಗೆ ಒಳಗೆ ಕೂಡಲಾರದೆ ಓಣಿಯಲ್ಲಿ ತಿರುಗಾಡಿ ಸಪ್ಪೆಯಾಗಿ ಬರುತ್ತಿದ್ದ.

ಒಂದು ಸಂಜೆ ನಾನೂ ಅವನ ಜೊತೆ ಹೊರಟೆ. ಓಣಿಯ ತುದಿಗೆ ಹೋಗುವಷ್ಟರಲ್ಲಿ ಒಂದು ಮನೆಯ ಮಗ್ಗ ನಿಂತಿತು. ಕರೆಂಟು ಹೋಯಿತೇನೋ ಅಂದುಕೊಂಡೆ. ದೀಪ ಉರಿಯುತ್ತಿತ್ತು. ಪಕ್ಕದ ಮನೆಯದೂ ನಿಂತಿತು. ಆಮೇಲೆ ಎದುರಿನದು, ಅದರ ಆಚೆಯದು. ಇಡೀ ಓಣಿ ಮೌನವಾಗಿ, ಆ ಮೌನದೊಳಗೆ ಅಣ್ಣನ ದನಿ ಒಂದೊಂದು ಕಿಟಕಿಯಿಂದಲೂ ಕೇಳಿಸಿತು. ಟಿ.ವಿ.ಯೊಳಗಿನ ಮುದುಕ ಏನೋ ಹೇಳಲು ಹೊರಟು, ತಡೆದ. ನನ್ನ ಪಕ್ಕದಲ್ಲಿದ್ದ ಅಣ್ಣನೂ ನಡೆಯುವುದನ್ನು ಬಿಟ್ಟು ನಿಂತ. ಆಗ ಮೊದಲು ಒಂದು ಮನೆಯಲ್ಲಿ ಯಾರೋ ಹೆಂಗಸು ನಕ್ಕಳು, ಕೆಮ್ಮು ಬರುವ ಹಾಗೆ. ಇನ್ನೊಂದು ಮನೆಯಲ್ಲಿ ತಡವಾಗಿ ಒಬ್ಬ ಮುದುಕ. ಆಮೇಲೆ ಓಣಿಗೆ ಓಣಿಯೇ. ಎಲ್ಲರೂ ಒಂದೇ ಸಲ ನಗಲಿಲ್ಲ, ಒಂದೇ ಸಲ ನಿಲ್ಲಿಸಲೂ ಇಲ್ಲ. ಅಣ್ಣ ನನ್ನ ತೋಳು ಹಿಡಿದುಕೊಂಡಿದ್ದ. ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದ.

ಆ ಚಾನೆಲ್ಲೂ ಬಹಳ ದಿನ ಉಳಿಯಲಿಲ್ಲ. ಮನೆಗಳ ಮೇಲೆ ಡಿಶ್‌ಗಳು ಬಂದವು, ಗೆಳೆಯ ಕೇಬಲ್ ಅಂಗಡಿ ಮುಚ್ಚಿದ. ಅವ್ವನೂ ತೀರಿಹೋದಳು. ಅಣ್ಣ ಆ ಮುದುಕನ ಕತೆಗಳನ್ನೇ ನಾಟಕ ಮಾಡಿಕೊಂಡು, ಏಳೆಂಟು ಜನರನ್ನು ಕಟ್ಟಿಕೊಂಡು, ಬೀಳಗಿ ಕಡೆಯ ಹೊಸ ಊರುಗಳಲ್ಲಿ ಆಡುತ್ತ ತಿರುಗುತ್ತಾನೆ. ಗಳಿಕೆ ಅಷ್ಟಕ್ಕಷ್ಟೇ. ಮನುಷ್ಯ ಮಾತ್ರ ಹುರುಪಾಗಿದ್ದಾನೆ.

ಬಸ್ಸು ಬಂತು. ಜಾಗ ಸಿಕ್ಕರೂ ಕೂಡಲಾಗದೆ ದಾರಿಯುದ್ದಕ್ಕೂ ಏಳುವುದು ಕೂಡುವುದು ಮಾಡಿದೆ. ಬನಹಟ್ಟಿಯಲ್ಲಿ ಇಳಿದು ಮನೆಗೆ ಬಂದರೆ ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಅಣ್ಣ ಪರದೆಯ ಗಂಟು, ಹಾರ್ಮೋನಿಯಂ ಪೆಟ್ಟಿಗೆ ಏರಿಸುತ್ತಿದ್ದ. ನಾಳೆ ನಾಟಕವಂತೆ. ಎಂದಿನಂತೆ, "ಇನ್ನರೆ ಒಂದ ಕಡೆ ಕುಂದ್ರೋ," ಅನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ನಾನೂ ಬರ್ತೇನಿ."

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. "ಸಾಲಿ?"

"ರಜಾ ಹಾಕ್ತೇನಿ."

"ಅಲ್ಲಿ ಬಂದ ಏನ್ ಮಾಡ್ತಿ ಬೇ?"

"ಮುಂದ ಕುಂದರ್ತೇನಿ. ನಾಟಕ ನೋಡ್ತೇನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡ್ರೈವರ್ ಪಕ್ಕದ ಸೀಟಿನ ಧೂಳನ್ನು ತನ್ನ ಟವೆಲ್ಲಿನಿಂದ ಝಾಡಿಸಿದ. "ತಂಗಿ ಅಂತ ಸುಳ್ಳೇ ನಗಬ್ಯಾಡ ಮತ್ತ," ಅಂದ.

"ನಗು ಬಂದ್ರ ನಗ್ತೇನಿ," ಅಂದು ಹತ್ತಿ ಕೂತೆ.