ತೀರ್ಪು ಕೇಳಬೇಕೆಂದವರು

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಾನು ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿಗೆ ಒಬ್ಬ ವಯಸ್ಸಾದವರು ಬಂದರು. ಜಮೈಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. ಎರಡೂ ಕಿವಿ ಮಂದವಾಗಿದ್ದವು. ಹಿಯರಿಂಗ್ ಏಡ್ ಬರಲು ಕೆಲವು ವಾರ ಹಿಡಿಯುತ್ತದೆ ಎಂದೆ.

"ಅಷ್ಟು ದಿನ ಕಾಯೋಕಾಗಲ್ಲಮ್ಮ. ಗುರುವಾರ ಕೋರ್ಟಿದೆ," ಅಂದರು.

ಏನು ಕೇಸು ಎಂದು ಕೇಳುವುದೋ ಬೇಡವೋ ತಿಳಿಯದೆ ನಾನು ಕಂಪ್ಯೂಟರ್ ನೋಡುತ್ತಾ ಕೂತೆ. ಅವರೇ ಹೇಳಿದರು. ಹರೆಯದಲ್ಲಿ ಒಮ್ಮೆ ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ನಿಂತಿದ್ದಾಗ, ಪರ್ಸ್ ಕದಿಯಲು ಹೋದ ಅಂತ ಪೊಲೀಸನೊಬ್ಬ ಹಿಡಿದನಂತೆ. ಪರ್ಸ್ ಕಳೆದುಕೊಂಡವರು ಯಾರೂ ಇರಲಿಲ್ಲ. ಪೊಲೀಸನ ಮಾತೊಂದೇ ಸಾಕ್ಷಿ. ಕಪ್ಪು ಹುಡುಗನ ಮಾತನ್ನು ಯಾರೂ ನಂಬಲಿಲ್ಲ, ಜೈಲಾಯಿತು. ಆ ಪೊಲೀಸ್ ಇಂಥ ಸುಳ್ಳು ಕೇಸು ಎಷ್ಟೋ ಹಾಕಿದ್ದ ಎನ್ನುವುದು ಈಗ ಬಯಲಾಗಿ, ಇವರ ಮೇಲ್ಮನವಿಯ ತೀರ್ಪು ಗುರುವಾರ ಬರುವುದಿತ್ತು.

"ಕೋರ್ಟಿಗೆ ಜೊತೆಗೆ ಬರೋರು ಹೇಳ್ತಾರಲ್ಲ, ಜಡ್ಜ್ ಏನಂದರು ಅಂತ?" ಎಂದೆ.

"ಅವತ್ತು ಅಪರಾಧಿ ಅಂದಿದ್ದನ್ನ ನನ್ನ ಕಿವಿಯಲ್ಲೇ ಕೇಳಿದೀನಿ. ಇದನ್ನೂ ನಾನೇ ಕೇಳ್ಬೇಕು."

ತಾತ್ಕಾಲಿಕವಾಗಿ ಕೊಡುವ ಒಂದು ಜೊತೆ ಯಂತ್ರ ನಮ್ಮಲ್ಲಿತ್ತು. ಮ್ಯಾನೇಜರನ್ನು ಒಪ್ಪಿಸಿ ಅದನ್ನೇ ಅವರ ಕಿವಿಗೆ ಹೊಂದಿಸಿಕೊಟ್ಟೆ.

ಶುಕ್ರವಾರ ಬೆಳಿಗ್ಗೆಯೇ ಬಂದರು.

"ಕೇಳಿಸಿತಾ?" ಅಂದೆ.

"ಪ್ರತಿ ಪದ ಕೇಳಿಸ್ತು. ಹಳೇ ತೀರ್ಪು ರದ್ದಾಯ್ತು. ಹಿಂದೆ ಕೂತಿದ್ದ ನನ್ನ ತಂಗಿ ಅತ್ತಿದ್ದೂ ಕೇಳಿಸ್ತು."

ಅವರ ಸ್ವಂತ ಯಂತ್ರ ಬರುವುದು ಇನ್ನೂ ತಡವಾಗುತ್ತದೆ, ಸಾರಿ ಎಂದೆ.

"ಪರವಾಗಿಲ್ಲ. ತಡ ಆಗಿದ್ದಕ್ಕೆ ಈ ವಾರ ನನಗೆ ಸಾರಿ ಅಂದವರು ನೀವೊಬ್ಬರೇ," ಅಂದರು.